ನನ್ನ ತಲೆಯೊಳಗಿನ ಗಡಿಯಾರಕ್ಕೆ ಅತ್ತೆಯ ಕಾವಲು

ನಮ್ಮ ಅತ್ತೆಗೆ ಗಡಿಯಾರ ನೋಡಲು ಬರುವುದಿಲ್ಲ. ಆದರೂ ಹೋದ ವರ್ಷ ನನ್ನ ತಲೆಯೊಳಗಿನ ಗಡಿಯಾರವನ್ನು ಸರಿಮಾಡಿಯೇ ತೀರುತ್ತೇನೆಂದು ತಮ್ಮೂರು ಮೆಟ್ರಿಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದುಬಿಟ್ಟರು!

ಇದಕ್ಕೆಲ್ಲ ಕಾರಣ ಹೊಸಪೇಟೆಯ ಡಾಕ್ಟರಮ್ಮ. ನಾನು ದೋಣಿಮಲೈಯ ಆಸ್ಪತ್ರೆಯಲ್ಲಿ ನರ್ಸು. ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ. ಮದುವೆಯಾಗಿ ಐದು ವರ್ಷವಾದರೂ ಮಗುವಿಲ್ಲ. ಮುಟ್ಟೋ, ತನಗೆ ಮನಸ್ಸು ಬಂದಾಗ ಬರುತ್ತಿತ್ತು. ತಪಾಸಣೆ ಮಾಡಿದ ಡಾಕ್ಟರಮ್ಮ, “ಮೆದುಳಿನಲ್ಲಿ ಒಂದು ಗಡಿಯಾರ ಇರುತ್ತೆ. ಬೆಳಕು, ಕತ್ತಲೆ ನೋಡಿ ನಡೆಯುತ್ತೆ. ಅಂಡ ಬಿಡುಗಡೆ ಮಾಡೋ ಹಾರ್ಮೋನಿಗೂ ಅದೇ ಹೊತ್ತು ಹೇಳೋದು. ನಿಮ್ಮ ನಿದ್ದೆ ಏರುಪೇರಾಗಿ ಅದು ಗೊಂದಲಕ್ಕೆ ಬಿದ್ದಿರಬಹುದು” ಎಂದರು.

ತಪಾಸಣೆಯ ದಿನ ಊರಿನಿಂದ ಬಂದು ಜೊತೆಗಿದ್ದ ಅತ್ತೆ, “ಗುಳಿಗಿ ಬ್ಯಾಡೇನ್ರಿ?” ಎಂದರು.

“ಮೊದಲು ನಿದ್ದೆ, ಬೆಳಗಿನ ಬಿಸಿಲು. ಆಮೇಲೆ ನೋಡೋಣ.”

ಅಷ್ಟೇ ಸಾಕಾಯಿತು! ಮರುದಿನವೇ ಅತ್ತೆ ನಮ್ಮ ಮನೆಗೆ ಬಂದಿಳಿದರು; ರಾತ್ರಿ ಪಾಳಿ ಮುಗಿಸಿದ ನಾನು ಹಗಲು ಮಲಗಲೆಂದು ಭತ್ತದ ಚೀಲಗಳು ಪರದೆಗಳಾಗಿ ಕಿಟಕಿ ಏರಿದವು. ನಡುಹಗಲಲ್ಲೇ ನನ್ನ ಗಂಡ ಬಾಗಿಲೆಂದುಕೊಂಡು ಅಲ್ಮೇರಾದೊಳಗೆ ಹೋದರು. ಕುಕ್ಕರಿಗೆ ನಿಷೇಧ, ಸೀಟಿ ಹೊಡೆದರೆ ಹಾರ್ಮೋನು ಬೆದರುತ್ತದಂತೆ! ಸೊಪ್ಪು ಮಾರುವವಳನ್ನು ಗೇಟಿನಲ್ಲೇ ತಡೆದರು.

“ಮೆಲ್ಲಗ ಕೂಗವ್ವಾ!”

“ಮೆಲ್ಲಗ ಕೂಗಿದ್ರ ಯಾರ್ ತೊಗೊಂತಾರಬೇ?”

“ಎಲ್ಲಾ ನಾನ ತೊಗೊಂತೀನಿ, ನಡಿ!”

ಆ ವಾರವಿಡೀ ನಮಗೆ ಮೂರು ಹೊತ್ತೂ ಮೆಂತ್ಯ ಸೊಪ್ಪು.

ಹಗಲು ಪಾಳಿಯ ವಾರದಲ್ಲಿ ಬೆಳಗಾಗುತ್ತಲೇ ನನ್ನನ್ನು ಅಂಗಳದಲ್ಲಿ ಸಂಡಿಗೆಯ ಹಾಗೆ ಬಿಸಿಲಿಗೆ ಹಾಕುತ್ತಿದ್ದರು. ಎದುರು ಮನೆಯಮ್ಮ, “ಏನ್ ಹರಕಿರೀ?” ಎಂದು ಭಕ್ತಿಯಿಂದ ಕೇಳಿದರು. ಅತ್ತೆ ಬಿಡುತ್ತಾರೆಯೇ? ಅಂಡದಿಂದ ಹಿಡಿದು ಎಲ್ಲವನ್ನೂ ವಿವರಿಸಿದರು. ಅವರ ಯಜಮಾನರು ಇಂದಿಗೂ ನನ್ನನ್ನು ಕಂಡರೆ ತಲೆ ತಗ್ಗಿಸಿಕೊಂಡು ಹೋಗುತ್ತಾರೆ.

ಉಳಿದ ಮಾನ ಆಸ್ಪತ್ರೆಯಲ್ಲಿ ಹೋಯಿತು. ಅತ್ತೆ ನನಗೆ ಹೇಳದೆ ನರ್ಸುಗಳ ಮೇಲ್ವಿಚಾರಕಿ ಮೇಟ್ರನ್ ಮುಂದೆ ಹೋಗಿ ಕುಳಿತಿದ್ದರು. “ಮೇಡಮ್ಮೋರ, ನಮ್ ಸೊಸಿ ತಲ್ಯಾಗಿನ ಗಡಿಯಾರ ಕೆಟ್ಟೈತ್ರಿ. ಹಗಲು ಡ್ಯೂಟಿ ಅಷ್ಟ ಹಾಕ್ರಿ. ರಾತ್ರಿ ಬೇಕಾದ್ರ ನಾ ಬಂದು ಕುಂದರ್ತೀನಿ.”

“ಇಂಜೆಕ್ಷನ್ ಕೊಡೋಕೆ ಬರುತ್ತೇನಮ್ಮ?”

“ಎಮ್ಮಿಗೆ ಕೊಡ್ಸೀನ್ರಿ!”

ಮೇಟ್ರನ್ ನಕ್ಕು ನಕ್ಕು ಸುಸ್ತಾಗಿ ಹಗಲು ಪಾಳಿ ಕೊಟ್ಟರು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ನಿದ್ದೆ ಮಾತ್ರ ಸೊಗಸಾಗಿ ಬಂತು. ಕೆಲವು ತಿಂಗಳಲ್ಲಿ ಮುಟ್ಟೂ ಕ್ರಮಕ್ಕೆ ಬಂತು.

ಹೋದ ತಿಂಗಳು ಅದು ತುಸು ತಡವಾಯಿತು. ಯಾರಿಗೂ ಹೇಳದೆ ಆಸೆ ಕಟ್ಟಿಕೊಂಡೆ. ಒಂದು ಬೆಳಿಗ್ಗೆ ಬಂದೇಬಿಟ್ಟಿತು. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಕುಸಿದು ಕುಳಿತು, “ಕೂಸಿಗೋಸ್ಕರ ಇಷ್ಟೆಲ್ಲಾ ಮಾಡಿದ್ರಿ ಅತ್ತೀ, ಎಲ್ಲಾ ದಂಡ ಆತು” ಎಂದೆ.

ಅವರ ಕೈ ನಿಂತಿತು.

“ಕೂಸಿಗೋಸ್ಕರ ಅಂತ ಯಾರ್ ಹೇಳಿದ್ರು ನಿನಗ? ಹಬ್ಬಕ್ಕ ಊರಿಗೆ ಬಂದಾಗ, ತುತ್ತು ಕೈಯಾಗ ಹಿಡ್ಕೊಂಡು ಕುಂತಲ್ಲೇ ನಿದ್ದಿ ಹೋಗಿದ್ದಿ. ಅದನ್ನ ನೋಡಾಕ ಆಗ್ಲಿಲ್ಲ ನನಗ, ಅದಕ್ಕ ಬಂದೆ. ಕೂಸು ಬಂದ್ರ ಬರ್ಲಿ, ಇಲ್ಲಂದ್ರ ಇಲ್ಲ. ನೀ ಉಂಡು, ನೆಮ್ಮದಿಯಿಂದ ಮಲಗಬೇಕವ್ವಾ.”

ಇಷ್ಟು ವರ್ಷ ಅವರನ್ನು ನನ್ನ ಗಂಡನ ತಾಯಿ ಎಂದಷ್ಟೇ ತಿಳಿದಿದ್ದೆ. ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಹಿಟ್ಟಿನ ಕೈಯಲ್ಲೇ ಅವರು ನನ್ನ ಕೂದಲು ನೇವರಿಸಿದರು.