ಅಕ್ಕನಿಗೆ ಕೇಳಿಸಿದ ನನ್ನ ದನಿ

ಹೆಂಡತಿಯನ್ನು ಕಳೆದುಕೊಂಡವನು ಫೋನಿನಲ್ಲಿ ಯಾವ ದನಿಯಲ್ಲಿ ಮಾತನಾಡಬೇಕೆಂಬುದು ನನಗಿನ್ನೂ ಗೊತ್ತಾಗಿಲ್ಲ. ಗಟ್ಟಿಯಾಗಿ ಮಾತನಾಡಿದರೆ ‘ಇಷ್ಟು ಬೇಗ ಮರೆತನೇ’ ಅನ್ನುತ್ತಾರೆ. ಮೆಲ್ಲಗೆ ಮಾತನಾಡಿದರೆ ಕರೆದೊಯ್ಯಲು ಬಂದೇಬಿಡುತ್ತಾರೆ. ಇದು ಸಾಲದೆಂಬಂತೆ ನಾನು ತಂತಿಯಿಲ್ಲದ ಹೆಡ್‌ಸೆಟ್ ಒಂದನ್ನು ಕೊಂಡೆ.

ಕೊಂಡದ್ದು ಅಡುಗೆಗಾಗಿ. ಹೆಂಡತಿ ಸುಮತಿ ಇರುವವರೆಗೆ ನಿಗಡಿಯ ನಮ್ಮ ಮನೆಯಲ್ಲಿ ನಾನು ಗ್ಯಾಸ್ ಹಚ್ಚಿದವನಲ್ಲ. ಈಗ ಧಾರವಾಡದಿಂದ ಅಕ್ಕ ಮೊಬೈಲಿನಲ್ಲಿ ಕಡಲೆಹಿಟ್ಟಿನ ಝುಣಕ ಮಾಡುವುದನ್ನು ಹೇಳಿಕೊಡುತ್ತಾಳೆ. ಒಂದು ಕೈಯಲ್ಲಿ ಹಿಟ್ಟು ಉದುರಿಸಬೇಕು, ಇನ್ನೊಂದರಲ್ಲಿ ತಿರುವಬೇಕು. ಫೋನು ಹಿಡಿಯಲು ಮೂರನೆಯ ಕೈ ಎಲ್ಲಿಂದ ತರಲಿ? ಹೆಡ್‌ಸೆಟ್ಟಿನಲ್ಲಿ ಹಾಡು ಹಾಕಿದರೆ ಹಾಡುವವನು ಉಸಿರೆಳೆದದ್ದೂ ಕೇಳುತ್ತದೆ. ಫೋನು ಬಂದು ಅದರ ಮೈಕು ತೆರೆದುಕೊಂಡಿತೋ, ಎರಡೂ ಕಡೆಯ ದನಿ ಡಬ್ಬಿಯೊಳಗೆ ಹೊಕ್ಕಂತೆ.

“ಯಾಕೋ ತಮ್ಮಾ, ಬಾವ್ಯಾಗಿಂದ ಮಾತಾಡಿದಂಗ ಕೇಳಸ್ತದ? ಅಳಾಕತ್ತೀಯೇನು?”

“ಇಲ್ಲಕ್ಕಾ, ಝುಣಕಾ ಮಾಡಾಕತ್ತೀನಿ. ಈ ದನಿ ಮಶೀನಿಂದು.”

“ಅಳಾಕ ಮಶೀನ್ ಯಾಕ ಬೇಕೋ? ಐತವಾರ ಬರ್ತೀನಿ. ಮನಿಗೆ ಕೀಲಿ ಹಾಕಿ ನನ್ನ ಜೋಡಿ ನಡಿ.”

ಮನೆಗೆ ಕೀಲಿ! ಸುಮತಿ ಜೋಡಿಸಿಟ್ಟ ಡಬ್ಬಿಗಳಲ್ಲಿ ಯಾವುದರಲ್ಲಿ ಏನಿದೆಯೆಂದು ನನಗೆ ಈಗೀಗ ತಿಳಿಯತೊಡಗಿದೆ. ಅದನ್ನೆಲ್ಲ ಬಿಟ್ಟು ಎಲ್ಲಿಗೆ ಹೋಗಲಿ?

ಆಫೀಸಿನಲ್ಲಿ ಇಂಥ ಯಂತ್ರಗಳ ವಿಷಯ ಬಲ್ಲ ಜೋಶಿಯವರನ್ನು ಕೇಳಿದೆ. ಹೋಗುವ ದನಿಗೂ ಬರುವ ದನಿಗೂ ಹೆಡ್‌ಸೆಟ್ಟಿಗೂ ಫೋನಿಗೂ ನಡುವೆ ಇರುವುದು ಒಂದೇ ಇಕ್ಕಟ್ಟಿನ ದಾರಿಯಂತೆ. ಅದಕ್ಕೇ ದನಿಯ ದಪ್ಪ ತುದಿ, ತೆಳು ತುದಿ ಎರಡನ್ನೂ ಕತ್ತರಿಸಿ ನಡುವಿನದಷ್ಟನ್ನೇ ಕಳಿಸುತ್ತದಂತೆ. ನಾನು ಇನ್ನಷ್ಟು ಗೊಂದಲಕ್ಕೆ ಬಿದ್ದೆ. ನಾನು ಚೆನ್ನಾಗಿದ್ದೇನೆ ಎಂಬುದು ಯಾವ ತುದಿಯಲ್ಲಿರುತ್ತದೆ? ಕೇಳಿದ್ದಕ್ಕೆ ಜೋಶಿ ಚಹಾ ತರಿಸಿದರು.

ಶನಿವಾರ ಹೆಡ್‌ಸೆಟ್ಟನ್ನು ಒಳಕೋಣೆಯಲ್ಲಿ ಚಾರ್ಜಿಗೆ ಹಚ್ಚಿ, ಮನೆಯ ಹಳೆಯ ಫೋನಿನಿಂದಲೇ ಅಕ್ಕನಿಗೆ ಮಾಡಿದೆ. ಗಂಟಲು ಸರಿಮಾಡಿಕೊಂಡು, “ಅಕ್ಕಾ, ಆರಾಮ ಅದೀನಿ, ನೀ ಬರೂದು ಬ್ಯಾಡ” ಅಂದೆ.

“ಈಗ ಭಾಳ ಚೊಲೋ ಕೇಳಸ್ತದ ನೋಡು. ಝುಣಕಾ ಹೆಂಗಾಗಿತ್ತು?”

“ಚೊಲೋ ಆಗಿತ್ತು. ಆದ್ರ ಆಕಿ ಮಾಡಿದಂಗ…” ಮುಂದಿನ ಮಾತು ಹೊರಡಲಿಲ್ಲ. ಹೊರಟಷ್ಟು ದನಿಯೂ ಡಬ್ಬಿಯೊಳಗಿನದೇ ಆಗಿತ್ತು.

“ನೋಡಕ್ಕಾ, ಮತ್ತ ಈ ಮಶೀನು…” ಅಂದೆ, ಕೈಯಲ್ಲಿ ಹಳೆಯ ಫೋನು ಹಿಡಿದುಕೊಂಡು.

ಅಕ್ಕ, “ಹೌದಪಾ, ಮಶೀನೇ ಕೆಟ್ಟದ. ಬರೂದಿಲ್ಲ ಬಿಡು. ಅದು ರಿಪೇರಿ ಆಗೂತನಕಾ ದಿನಾ ಫೋನ್ ಮಾಡು” ಅಂದಳು.

ದಿನಾ ಮಾಡುತ್ತಿದ್ದೇನೆ. ಯಾವ ಅಂಗಡಿಗೆ ಒಯ್ಯಬೇಕೆಂಬುದು ಮಾತ್ರ ತಿಳಿಯುತ್ತಿಲ್ಲ.