ಗೋಧಿ ಮುದ್ದೆಯೂ ಭೇರ್ಯದ ಬೀಗರೂ

ಗಡಿಯಲ್ಲಿ ಸೈನಿಕರು ಬಂದೂಕು ಹಿಡಿದಿರುವಾಗ ಹುಣಸೂರು ತಾಲ್ಲೂಕು ಕಚೇರಿಯ ಗುಮಾಸ್ತ ಬಸವರಾಜು ಸುಮ್ಮನೆ ಕೂರುವುದೆ? ಕೂಡದು! ಅರುವತ್ತೈದರ ಯುದ್ಧದಲ್ಲಿ ನಾನೂ ಆಯುಧ ಹಿಡಿಯಲು ತೀರ್ಮಾನಿಸಿದೆ. ನನ್ನ ಆಯುಧ, ಸೌಟು!

ಇದಕ್ಕೆಲ್ಲ ಕಾರಣ ಮಹಿಳಾ ಸಮಾಜದಲ್ಲಿ ನಡೆದ ಅಡಿಗೆ ಪ್ರದರ್ಶನ. ಮೈಸೂರಿನಿಂದ ಬಂದಿದ್ದ ಅಮ್ಮನವರೊಬ್ಬರು "ಅಕ್ಕಿ ಉಳಿಸಿ, ರೇಷನ್ ಗೋಧಿ ತಿನ್ನಿ, ದೇಶ ಗೆಲ್ಲಿಸಿ" ಎಂದು ಭಾಷಣ ಮಾಡಿ, ಏನೇನೋ ಬೇಯಿಸಿ ತೋರಿಸಿದರು. ಕುರ್ಚಿ ಹಾಕಿಸಲು ಹೋಗಿದ್ದ ನಾನು ಅರ್ಧ ಕೇಳಿಸಿಕೊಂಡು ಪೂರ್ತಿ ಪಂಡಿತನಾಗಿ ಮನೆಗೆ ಬಂದೆ.

"ಸುನಂದಾ, ನಾಳೆ ಅಡಿಗೆ ನಂದು. ಒಂದು ಕಾಳು ಅಕ್ಕಿಯೂ ಒಲೆ ಏರಬಾರದು!"

ನನ್ನ ಹೆಂಡತಿ ಮೊರ ಕೆಳಗಿಟ್ಟಳು. "ನಾಳೆನಾ? ನಾಳೆ ಪುಟ್ಟತಾಯೀನ ನೋಡಕ್ಕೆ ಭೇರ್ಯದೋರು ಬತ್ತಾವ್ರೆ ಕಣ್ರೀ! ನಿಮ್ ಯುದ್ಧ ನಾಡಿದ್ದು ಮಡಿಕಳಿ."

"ಬೀಗರಾಗೋರಿಗೂ ದೇಶಭಕ್ತಿ ಗೊತ್ತಾಗಲಿ!"

ಪುಟ್ಟತಾಯಿ ನನ್ನ ತಂಗಿ. ಅಪ್ಪ ಅಮ್ಮ ಹೋದ ಮೇಲೆ ನಾನೇ ಸಾಕಿದವಳು. ಹಿಂದೆ ನೋಡಲು ಬಂದಿದ್ದವರು "ಹುಡುಗಿ ಎತ್ತರ ಜಾಸ್ತಿ" ಎಂದು ಹೇಳಿ, ಕಾಫಿ ಮಾತ್ರ ಪೂರ್ತಿ ಕುಡಿದು ಹೋಗಿದ್ದರು. ಅಂದಿನಿಂದ ಅವಳು ಮನೆಯೊಳಗೂ ಬೆನ್ನು ಬಗ್ಗಿಸಿಯೇ ಓಡಾಡುತ್ತಿದ್ದಳು. ಈ ಸಂಬಂಧ ಕೂಡಿಬರಲೇಬೇಕಿತ್ತು. ನನ್ನ ಅಡಿಗೆಯಿಂದಲೇ ಕೂಡಿಬರುತ್ತದೆಂದು ನಾನು ನಂಬಿದ್ದೆ!

ಬೆಳಿಗ್ಗೆ ಹೆಂಗಸರನ್ನು ಹೊರಗಟ್ಟಿ ಒಲೆಯ ಮುಂದೆ ಕೂತೆ. ಅಮ್ಮನವರು ಚಪಾತಿ ಲಟ್ಟಿಸಿದ್ದರು ನಿಜ. ಆದರೆ ನಮ್ಮ ಕಡೆ ಮುದ್ದೆಯಿಲ್ಲದ ಊಟ ಊಟವೆ? ರಾಗಿ ಹಿಟ್ಟಿನಲ್ಲಿ ಆಗುವುದು ಗೋಧಿ ಹಿಟ್ಟಿನಲ್ಲಿ ಯಾಕಾಗಬಾರದು? ಕುದಿಯುವ ನೀರಿಗೆ ಗೋಧಿ ಹಿಟ್ಟು ಸುರಿದು, ಮುದ್ದೆಕೋಲಿನಿಂದ ತಿರುವಿದೆ. ಒಂದು ಸುತ್ತು ತಿರುಗಿತು. ಎರಡನೆಯ ಸುತ್ತಿಗೆ ಮುಷ್ಕರ ಹೂಡಿತು. ಸಿಟ್ಟಿನಿಂದ ಕೋಲು ಮೇಲೆಳೆದೆ. ಪಾತ್ರೆಯೂ ಜೊತೆಯಲ್ಲೇ ಎದ್ದು ಬಂತು!

ಬಾಗಿಲ ಸಂದಿಯಿಂದ ಸುನಂದಾ ಇಣುಕಿದಳು. "ಅದು ಗೋಧಿಯಲ್ಲ ಕಣ್ರೀ, ಗೋಂದು! ಆಫೀಸ್ಗೆ ತಗಂಡೋಗಿ, ಕವರ್ ಅಂಟಿಸ್ಕಬೋದು."

"ಮಿಲಿಟರಿ ವಿಷಯದಲ್ಲಿ ಬಾಯಿ ಹಾಕಬೇಡ!" ಎಂದು ಗುಡುಗಿ, ಕೈಗೆ ಎಣ್ಣೆ ಸವರಿಕೊಂಡು, ಬೆವರು ಸುರಿಸಿ ಮುದ್ದೆ ಕಟ್ಟಿದೆ.

ಮಧ್ಯಾಹ್ನದ ಬಸ್ಸಿಗೆ ಬಂದವರು ಹುಡುಗನ ತಂದೆ ಶಿವನಂಜಪ್ಪನವರು ಮತ್ತು ಹುಡುಗ. ನಾಲೆ ನೀರಿನ ಗದ್ದೆಯವರು, ಹೊತ್ತು ಹೊತ್ತಿಗೆ ಅನ್ನ ಉಣ್ಣುವವರು. ಊಟದ ಹೊತ್ತಾಗಿದ್ದರಿಂದ ಬಲವಂತ ಮಾಡಿ ಎಲೆ ಹಾಕಿದೆವು. ಶಿವನಂಜಪ್ಪನವರು ಮುದ್ದೆಗೆ ಕೈ ಹಾಕಿ ಎತ್ತಿದರು. ಮುತ್ತುಗದೆಲೆಯೂ ಎದ್ದು ನಿಂತಿತು! ಪಾಪ, ದೊಡ್ಡ ಮನುಷ್ಯರು! ಎಲೆ ಬಿಡಿಸಿ, ತುತ್ತನ್ನು ಸಾರಿನಲ್ಲಿ ಅದ್ದಿ, ರಾಗಿ ಮುದ್ದೆ ನುಂಗುವಂತೆ ಗುಳುಂ ಎನಿಸಿದರು.

ಗುಳುಂ ಎಂದದ್ದು ಗಂಟಲಲ್ಲೇ ನಿಂತಿತು. ಕಣ್ಣು ಮೇಲಾದವು. ಮೀಸೆ ನಡುಗಿತು. ನಾನು ವಿಗ್ರಹದಂತೆ ನಿಂತುಬಿಟ್ಟೆ. ಒಳಗಿದ್ದ ಪುಟ್ಟತಾಯಿ ನಾಚಿಕೆ, ಸೆರಗು, ಬಗ್ಗಿಸಿದ ಬೆನ್ನು ಎಲ್ಲ ಮರೆತು, ನೆಟ್ಟಗೆ ಓಡಿ ಬಂದು ಅವರ ಬೆನ್ನಿಗೆ ಫಟ್ಟೆಂದು ಗುದ್ದಿದಳು! ತುತ್ತು ಇಳಿಯಿತು. ಅವಳೇ ಚೊಂಬು ಹಿಡಿದು ನೀರು ಕುಡಿಸಿದಳು.

ಶಿವನಂಜಪ್ಪನವರು ಉಸಿರು ತಂದುಕೊಂಡು ಗಂಭೀರವಾಗಿ ಕೇಳಿದರು: "ಈ ಮುದ್ದೆ ಮಾಡಿದ್ದು ಹುಡುಗೀನಾ?"

ಪುಟ್ಟತಾಯಿಯ ಮುಖ ಕಪ್ಪಿಟ್ಟಿತು. ನಾನು ಸೌಟು ಕೆಳಗಿಟ್ಟು ಶರಣಾದೆ.

"ಇಲ್ಲ ಸ್ವಾಮಿ, ಅವಳ ಕೈಯಡಿಗೆ ಬಹಳ ಚೆನ್ನಾಗಿರುತ್ತೆ. ಈ ಪಾಪ ಪೂರ್ತಿ ನಂದೇ!"

ಅಷ್ಟರವರೆಗೆ ತಲೆಯೆತ್ತದ ಹುಡುಗ ಕಿಸಕ್ಕೆಂದ. ಪುಟ್ಟತಾಯಿಗೂ ತಡೆಯಲಾಗಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು ನೋಡಿ, ಹುಡುಗಿ ನೋಡುವ ಶಾಸ್ತ್ರ ಅಲ್ಲಿಗೆ ಮುಗಿದೇ ಹೋಯಿತು! ಅಷ್ಟರಲ್ಲಿ ಸುನಂದಾ ಬಿಸಿ ಬಿಸಿ ರಾಗಿ ಮುದ್ದೆ, ಉಪ್ಪುಸಾರು ತಂದಿಟ್ಟಳು. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ನನಗೆ ಗೊತ್ತಿಲ್ಲದಂತೆ ನಾದಿನಿ ಅತ್ತಿಗೆ ಸೇರಿ ಮಾಡಿದ್ದರಂತೆ.

ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಶಿವನಂಜಪ್ಪನವರು ಹೇಳಿದರು: "ಹುಡುಗಿ ನಮಗೆ ಒಪ್ಪಿಗೆ. ಅಲ್ಲಾ, ನನ್ ಜೀವ ಉಳಿಸವ್ಳೆ, ಬುಟ್ಟೋಗಕ್ಕಾಯ್ತದಾ? ಆದ್ರೆ ನಮ್ದೊಂದು ಬೇಡಿಕೆ ಐತೆ."

ವರದಕ್ಷಿಣೆಯೇ ಇರಬೇಕು. ವಾಚೋ? ಸೈಕಲ್ಲೋ? "ಹೇಳಿ" ಎಂದೆ, ಕೈ ಮುಗಿದು.

"ಮದುವೆ ದಿವಸ ನೀವು ಒಲೆ ಅತ್ರ ಬರಬಾರ್ದು."

ಒಳಗಿಂದ ಸುನಂದಾ ಕೂಗಿದಳು: "ಬರೀ ಮದುವೆ ದಿವಸ ಸಾಕಾ ಯಜಮಾನ್ರೇ? ಸಾಯೋಗಂಟ ಅಂತ ಸೇರ್ಸಿ!"