ಬಾಗಿಲಾಚೆಯ ಬಾಲ

ಇಷ್ಟಕ್ಕೂ ಆ ಬಾಲ ಯಾರದ್ದು?

ಬೆಕ್ಕಿನದೆಂದರೆ ತುದಿಯಲ್ಲಿ ಕುಚ್ಚಿದೆ. ಹಸುವಿನದೆಂದರೆ, ಹಸು ಮೆಟ್ಟಿಲು ಹತ್ತಿ ಮಹಡಿಗೆ ಹೋಗುವುದುಂಟೇ? ಒಂದನೇ ತರಗತಿಯ ಮೇಷ್ಟ್ರು ಪುಸ್ತಕವನ್ನು ಮತ್ತೆ ಮೊದಲಿನಿಂದ ತಿರುವಿದರು. ಒಂದು ಮನೆ. ಪುಟಕ್ಕೊಂದು ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲಾಚೆ ಆಗಷ್ಟೇ ಮರೆಯಾಗುತ್ತಿರುವ ಒಂದು ಕಪ್ಪು ಬಾಲ. ಕೊನೆಯ ಪುಟದಲ್ಲಿ ಬೀದಿಬಾಗಿಲು ತೆರೆದಿದೆ, ಬಾಲ ಹೊರಗೆ ಹೊರಟಿದೆ. ಮುಗಿಯಿತು. ಇಡೀ ಪುಸ್ತಕದಲ್ಲಿ ಒಂದಕ್ಷರವಿಲ್ಲ.

ಪುಸ್ತಕದಂಗಡಿಯವನು ಬೆಳಿಗ್ಗೆ ಮಾದರಿ ಪುಸ್ತಕಗಳ ಕಟ್ಟೊಂದನ್ನು ಇಟ್ಟುಹೋಗಿದ್ದ. ಮಧ್ಯಾಹ್ನ ಅವನು ಬಂದು ಒಯ್ಯುವುದರೊಳಗೆ ಪ್ರತಿ ತರಗತಿಗೂ ಒಂದನ್ನು ಆರಿಸಬೇಕು. ಕರಾರು ಒಂದೇ: ಮಾದರಿಗೆ ಮಸಿ ತಾಗಿದರೆ ಅದು ಶಾಲೆಯ ಸೊತ್ತು.

ಮೇಷ್ಟ್ರಿಗೆ ಓದು ಹೆಚ್ಚು, ಮಾತು ಕಡಿಮೆ. ಒಂದು ವಾಕ್ಯ ಆಡುವ ಮೊದಲು ಅದನ್ನು ಮನಸ್ಸಿನಲ್ಲೇ ನಾಲ್ಕಾರು ಸಲ ತಿದ್ದುವರು. ಅಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹಾರಿರುತ್ತಿದ್ದರು. ಅದಕ್ಕೇ ಇರಬೇಕು, ತರಗತಿಯ ಬಾಗಿಲ ಪಕ್ಕ ಕೂರುವ ಪುಟ್ಟಿಯನ್ನು ಕಂಡರೆ ಅವರಿಗೆ ಒಂದು ಬಗೆಯ ನಂಟಸ್ತಿಕೆ. ಶಾಲೆಗೆ ಸೇರಿದಾಗಿನಿಂದ ಅವಳು ತುಟಿ ಬಿಚ್ಚಿರಲಿಲ್ಲ. "ಮನೇಲಿ ಬಾಯಿ ಮುಚ್ಚೋದೇ ಇಲ್ಲ ಸಾರ್, ಆಣೆ!" ಎಂದು ಅವಳ ತಾಯಿ ಹೇಳುತ್ತಿದ್ದಳು. ನಂಬುವವರು ಯಾರು?

"ಇವತ್ತು ಶಾಲೆ ಬಿಡೋದ್ರೊಳಗೆ ಒಂದೇ ಒಂದು ಮಾತಾಡ್ಸಿ, ಸಾಕು. ಇಲ್ಲಾಂದ್ರೆ ನಾಳೆಯಿಂದ ಅವಳು ಮತ್ತೆ ಶಿಶುವಿಹಾರಕ್ಕೆ" ಎಂದು ದೊಡ್ಡ ಮೇಡಂ ಬೆಳಿಗ್ಗೆಯೇ ಹೇಳಿಯಾಗಿತ್ತು.

ದೊಡ್ಡ ಮೇಡಂ ಎಂದರೆ ಶಾಲೆಯ ಮುಖ್ಯಸ್ಥೆ. ಅವರ ಹೆಜ್ಜೆಗೆ ಸಪ್ಪಳವಿಲ್ಲ. ಪಾಠ ನಡೆಯುವಾಗ ಬಾಗಿಲ ಮರೆಯಲ್ಲಿ ನಿಂತು ಕೇಳುವರು. ಒಳಗಿದ್ದವರು ತಿರುಗಿ ನೋಡುವಷ್ಟರಲ್ಲಿ ಮಾಯ. ಅವರ ಉದ್ದ ಜಡೆ ಮಾತ್ರ ರೈಲಿನ ಕೊನೆಯ ಡಬ್ಬಿಯಂತೆ ಒಂದು ಗಳಿಗೆ ತಡವಾಗಿ ಹೋಗುತ್ತಿತ್ತು.

ಮೊದಲ ಪಿರಿಯಡ್ಡಿನಲ್ಲಿ ಮೇಷ್ಟ್ರು ಆ ಪುಸ್ತಕವನ್ನು ಮಕ್ಕಳ ಮುಂದೆ ಬಿಡಿಸಿದರು. ಹುಲಿ, ಇಲಿ, ಪಕ್ಕದ ಮನೆ ಅಜ್ಜ ಎಂದೆಲ್ಲ ಕೂಗೆದ್ದಿತು. ಪುಟ್ಟಿ ಕೂಗಲಿಲ್ಲ. ಎದ್ದು ಬಂದು ಬಾಲದ ಮೇಲೆ ಬೆರಳಿಟ್ಟಳು. ಬಾಗಿಲ ಕಡೆ ನೋಡಿದಳು. ಮತ್ತೆ ಪುಸ್ತಕ ನೋಡಿದಳು. ತುಟಿ ಅಲುಗಿತು. ಮೇಷ್ಟ್ರು ಬಗ್ಗಿ ಕಿವಿ ಕೊಟ್ಟರು.

ಢಣಢಣ ಗಂಟೆ ಹೊಡೆಯಿತು. ತುಟಿ ಮುಚ್ಚಿಕೊಂಡಿತು.

ಇದೇ ಪುಸ್ತಕ, ಬೇರೆ ಯಾವುದೂ ಬೇಡ ಎಂದು ಮೇಷ್ಟ್ರು ಅಲ್ಲೇ ತೀರ್ಮಾನಿಸಿದರು. ಬಿಡುವಿನಲ್ಲಿ ಅದನ್ನು ಸ್ಟಾಫ್ ರೂಮಿಗೆ ಒಯ್ದದ್ದು ಮಾತ್ರ ತಪ್ಪಾಯಿತು.

"ಎಲ್ಲಿ ಕೊಡಿ" ಎಂದು ಲೆಕ್ಕದ ಮೇಡಂ ಕಿತ್ತುಕೊಂಡು, ಸ್ಕೇಲು ತೆಗೆದು ಬಾಲವನ್ನು ಅಳೆದೇಬಿಟ್ಟರು. "ಎಲ್ಲಾ ಪುಟದಲ್ಲೂ ಒಂದೇ ಅಳತೆ. ನಾಯಿ ಅಲ್ಲ. ನಾಯೀದಾಗಿದ್ರೆ ಇಷ್ಟು ನೆಟ್ಟಗೆ ಎಲ್ಲಿರ್ತಿತ್ತು?"

"ಕೋತಿ ರೀ ಅದು! ಬಾಲದ ವಿಷಯ ನನಗೆ ಬಿಡಿ, ಅನುಭವ ಇದೆ" ಎಂದರು ಡ್ರಿಲ್ ಮೇಷ್ಟ್ರು.

"ಯಾವಾಗಿನ ಅನುಭವ? ನಿಮಗೂ ಇತ್ತಾ?"

ಡ್ರಿಲ್ ಮೇಷ್ಟ್ರು ಸಿಟ್ಟಿನಲ್ಲಿ ಮೇಜು ಹತ್ತಿ, ಕೋತಿ ಬಾಗಿಲು ದಾಟುವ ಬಗೆಯನ್ನು ಮಾಡಿ ತೋರಿಸಿದರು. ಮೇಜಿನ ಒಂದು ಕಾಲು ಮೊದಲೇ ಮುನಿಸಿಕೊಂಡಿತ್ತು. ಈಗ ಸಂಬಂಧವನ್ನೇ ಕಡಿದುಕೊಂಡಿತು. ಧಡ್ ಎಂಬ ಸದ್ದಿಗೆ ಅಂಗಳದಲ್ಲಿದ್ದ ಮಕ್ಕಳೆಲ್ಲ ಕಿಟಕಿಗೆ ಇರುವೆಗಳಂತೆ ಮುತ್ತಿದರು. "ಕೋತಿ! ಕೋತಿ!"

"ಅಲ್ಲ, ಅದು ಯಾರದ್ದು ಅಂತ ಗೊತ್ತಾಗದೆ ಇರೋದೇ..." ಎಂದು ಒಂದನೇ ತರಗತಿಯ ಮೇಷ್ಟ್ರು ಶುರುಮಾಡಿದರು. ಯಾರಿಗೂ ಕೇಳಿಸಲಿಲ್ಲ.

"ಏನಿದು ಸಂತೆ?"

ದೊಡ್ಡ ಮೇಡಂ! ಕೋತಿಗಳು ಗಪ್‌ಚಿಪ್ಪಾದವು. ಡ್ರಿಲ್ ಮೇಷ್ಟ್ರು ನೆಲದ ಮೇಲೆ ಏನೋ ಹುಡುಕುತ್ತಿರುವವರಂತೆ ನಟಿಸಿದರು. ಮೇಡಂ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದರು, ಕೊಡವಿಯೂ ನೋಡಿದರು, ಅಕ್ಷರ ಉದುರಲಿಲ್ಲ.

"ಏನ್ರೀ ಮೇಷ್ಟ್ರೇ, ಅಕ್ಷರ ಇಲ್ಲದ್ದನ್ನ ಮಕ್ಕಳು ಏನಂತ ಓದ್ಬೇಕು? ಉತ್ತರ ಇಲ್ಲದ್ದನ್ನ ನಾವು ಪರೀಕ್ಷೇಲಿ ಏನಂತ ಕೇಳ್ಬೇಕು? ವಾಪಸ್ ಕಳ್ಸಿ."

ಮೇಷ್ಟ್ರ ಬಳಿ ಒಳ್ಳೆಯ ಉತ್ತರವಿತ್ತು. ಅದನ್ನು ಎರಡು ಸಲ ತಿದ್ದಿ ಮೂರನೆಯದಕ್ಕೆ ಕೈಹಾಕುವಷ್ಟರಲ್ಲಿ ಮೇಡಂ ಹೋಗಿಯಾಗಿತ್ತು. ಜಡೆಯೂ ಹೋಗಿಯಾಗಿತ್ತು.

ಊಟವಾದ ಮೇಲೆ ಕೈತೊಳೆದು ಬಂದು ನೋಡಿದರೆ, ಭಾಷೆಯ ಮೇಡಂ ಅದೇ ಪುಸ್ತಕದ ಮೇಲೆ ಬಾಗಿ, ನಾಲಿಗೆ ತುದಿ ಕಚ್ಚಿಕೊಂಡು, ಮಸಿಪೆನ್ನಿನಲ್ಲಿ ದುಂಡಗೆ ಬರೆಯುತ್ತಿದ್ದರು. ಇದು ಬಾಗಿಲು. ಇದು ಬಾಲ. ಬಾಲ ಉದ್ದವಾಗಿದೆ. ಕೊನೆಯ ಪುಟದಲ್ಲಿ ಇನ್ನೂ ದಪ್ಪಕ್ಷರ: ಇದು ಬೆಕ್ಕು.

"ಮೇಡಂ!"

"ನಿಮ್ಮ ಮುಖ ನೋಡಿ ಕರುಳು ಚುರುಕ್ ಅಂತು ಮೇಷ್ಟ್ರೇ. ಪಾಪ, ಮೂಗ ಪುಸ್ತಕ. ಮಾತು ಕೊಟ್ಟಿದ್ದೀನಿ. ಈಗ ಹೇಗೆ ಬೇಡ ಅಂತಾರೋ ನೋಡ್ತೀನಿ!"

ಕಿಟಕಿ ಕೇಳಿದವನಿಗೆ ಗೋಡೆಯ ಮೇಲೆ ಕಿಟಕಿಯ ಚಿತ್ರ ಬರೆದುಕೊಟ್ಟ ಹಾಗಾಯಿತು. "ಥ್ಯಾಂಕ್ಸ್" ಎಂದರು ಮೇಷ್ಟ್ರು. ತಿದ್ದುವ ಅಗತ್ಯವಿಲ್ಲದ ಮಾತು ಅದೊಂದೇ ಸಿಕ್ಕಿತು.

ಅಂಗಡಿಯವನು ಬಂದು ಮಸಿ ಕಂಡವನೇ ಹಲ್ಲುಕಿರಿದ. ದೊಡ್ಡ ಮೇಡಂ ಪುಟ ತಿರುವಿ ತಲೆದೂಗಿದರು. "ಹ್ಞಾಂ, ಈಗ ಪುಸ್ತಕದ ಹಾಗಿದೆ. ಒಂದನೇ ಕ್ಲಾಸಿಗೆ ಇದೇ ಇರ್ಲಿ." ಬಯಸಿದ ಪುಸ್ತಕ ಬಯಸಿದ ಕೈಗೇ ಬಂತು. ಮೇಷ್ಟ್ರು ಅದನ್ನು ಜ್ವರ ಬಂದ ಮಗುವಿನಂತೆ ಎತ್ತಿಕೊಂಡು ತರಗತಿಗೆ ನಡೆದರು.

ಕೊನೆಯ ಪಿರಿಯಡ್ಡು. ಈಗ ಹುಲಿಯಿಲ್ಲ, ಇಲಿಯಿಲ್ಲ, ಅಜ್ಜನೂ ಇಲ್ಲ. ಮಕ್ಕಳೆಲ್ಲ ಅಕ್ಷರ ಕೂಡಿಸಿಕೊಂಡು ಒಂದೇ ರಾಗದಲ್ಲಿ ಓದಿದರು: "ಇ-ದು ಬೆ-ಕ್ಕು."

"ಅಲ್ಲ."

ಸಣ್ಣ ದನಿ, ಆದರೆ ಸ್ಪಷ್ಟ. ಎಲ್ಲ ತಲೆಗಳೂ ಬಾಗಿಲ ಪಕ್ಕಕ್ಕೆ ತಿರುಗಿದವು. ಪುಟ್ಟಿ ಎದ್ದು ನಿಂತಿದ್ದಳು, ಮೂಗಿನ ಹೊಳ್ಳೆ ಅರಳಿಸಿಕೊಂಡು. "ಬೆಕ್ಕಲ್ಲ. ಸುಳ್ಳು ಬರ್ದಿದ್ದಾರೆ."

ಮೇಷ್ಟ್ರು ಅವಳ ಮುಂದೆ ಮಂಡಿಯೂರಿದರು. "ಮತ್ತೆ ಯಾರದ್ದು ಪುಟ್ಟಿ?"

ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಅವರ ಕಿವಿಗೆ ಕೈ ಮರೆಮಾಡಿ ಹೇಳಿದಳು. ಅಷ್ಟೂ ದಿನ ಕೂಡಿಟ್ಟ ಉಸಿರೆಲ್ಲ ಆ ಕಿವಿಯೊಳಗೆ ಬಿಸಿಯಾಗಿ ಹೋಯಿತು.

"ಮಾತಾಡಿದ್ಳು! ನಾನೇ ಕೇಳಿಸ್ಕೊಂಡೆ!" ಬಾಗಿಲ ಮರೆಯಿಂದ ದೊಡ್ಡ ಮೇಡಂ ಪೂರ್ತಿ ಒಳಗೇ ಬಂದುಬಿಟ್ಟರು. "ಇನ್ನು ಶಿಶುವಿಹಾರ ಬೇಡ, ಇಲ್ಲೇ ಇರ್ಲಿ. ನೋಡಿದ್ರಾ, ನಾಲ್ಕಕ್ಷರ ಬರೆದಿದ್ದಕ್ಕೆ ಮಗೂಗೆ ಬಾಯಿ ಬಂತು! ಕಪಾಟಲ್ಲಿರೋ ಚಿತ್ರದ ಪುಸ್ತಕಕ್ಕೆಲ್ಲ ನಾಳೆಯಿಂದ ವಾಕ್ಯ ಬರೀರಿ. ಬೇರೆಯವರು ಬೇಡ, ನೀವೇ ಬರೀರಿ."

ಮೇಷ್ಟ್ರು ಬಾಯಿ ತೆರೆದರು.

"ಅಂದ ಹಾಗೆ, ಕಿವೀಲಿ ಏನು ಹೇಳಿದ್ಳು? ಬೆಕ್ಕು ಅಂತ ಒಪ್ಕೊಂಡ್ಳು ತಾನೇ?"

ಮೇಷ್ಟ್ರು ಒಂದು ವಾಕ್ಯ ಕಟ್ಟಿದರು, ತಿದ್ದಿದರು, ಒಡೆದರು. ಕೊನೆಗೆ ಹೌದೆಂದು ತಲೆಯಾಡಿಸಿದರು. ಪುಟ್ಟಿ ಅವರನ್ನು 'ನೀವೂನಾ?' ಎಂಬಂತೆ ನೋಡಿದಳು.

ದೊಡ್ಡ ಮೇಡಂ ಗೆದ್ದ ನಡಿಗೆಯಲ್ಲಿ ಹೊರಟರು. ಒಂದು ಗಳಿಗೆ ತಡವಾಗಿ, ತುದಿಯ ಕುಚ್ಚನ್ನು ಅತ್ತಿತ್ತ ಆಡಿಸುತ್ತ, ಕಪ್ಪು ಜಡೆ ಬಾಗಿಲಾಚೆ ಮರೆಯಾಯಿತು. ಪುಟ್ಟಿ ಅದರ ಕಡೆ ಬೆರಳು ತೋರಿಸಿ, ಮೇಷ್ಟ್ರ ಅಂಗಿ ಜಗ್ಗಿದಳು.

ಬಾಲ ದೊಡ್ಡ ಮೇಡಂದು ಎಂದು ಅವಳು ಹೇಳಿದ್ದನ್ನು ಮೇಷ್ಟ್ರು ಯಾರಿಗೂ ಹೇಳಲಿಲ್ಲ.